ಮೊದಲ ವಾರದ ಟೆಸ್ಟಿನಿಂದ ಯಾರು ಪಾಸಾಗುತ್ತಾರೆ ಅಂತ ಹೇಳಲು ಹೋದ ಕಥೆ

ನಾನು ಇಂಜಿನಿಯರಿಂಗ್ ಮೊದಲ ವರ್ಷದವರಿಗೆ ಗಣಿತ ಹೇಳುತ್ತೇನೆ. ಪ್ರತಿ ಸಲ ಫಲಿತಾಂಶ ಬಂದಾಗಲೂ ಸ್ಟಾಫ್ ರೂಮಿನಲ್ಲಿ ಅದೇ ಮಾತು: ‘ರ‍್ಯಾಂಕ್ ಚೆನ್ನಾಗಿಯೇ ಇತ್ತಲ್ಲ, ಇವನು ಹೇಗೆ ಫೇಲಾದ?’ ಹಾಗಾಗಿ ಮೊದಲ ವಾರವೇ ಒಂದು ಆಪ್ಟಿಟ್ಯೂಡ್ ಟೆಸ್ಟ್ ಕೊಟ್ಟು, ಎಡವುವವರನ್ನು ಮೊದಲೇ ಗುರುತಿಸಬಹುದಾ ನೋಡೋಣ ಅಂತ ಹೊರಟೆ.

40 ಪ್ರಶ್ನೆ, 45 ನಿಮಿಷ. ಸಂಖ್ಯಾ ಸರಣಿ, ಅನುಪಾತ, ಒಂದಷ್ಟು ತರ್ಕದ ಒಗಟು. ಅಂಕಗಳನ್ನು ಎಕ್ಸೆಲ್‌ಗೆ ಹಾಕಿದೆ, ಪಕ್ಕದಲ್ಲಿ ಸಿಇಟಿ ಅಂಕ, ಪಿಯು ಅಂಕ, ಸೆಮಿಸ್ಟರ್ ಮುಗಿದ ಮೇಲೆ ಎಸ್‌ಜಿಪಿಎ (ಆ ಸೆಮಿಸ್ಟರಿನ ಸರಾಸರಿ ಗ್ರೇಡ್ ಅಂಕ). ಆಮೇಲೆ ಕೋರಿಲೇಷನ್ ತೆಗೆದೆ, ಅಂದರೆ ಎರಡು ಅಂಕಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ. ನನ್ನ ಟೆಸ್ಟಿಗೂ ಎಸ್‌ಜಿಪಿಎಗೂ ನಂಟು ತೀರಾ ಕಡಿಮೆ, ಸಿಇಟಿಯದ್ದೂ ಅಷ್ಟಕ್ಕಷ್ಟೇ. ಕೋರಿಲೇಷನ್ 0.3 ಅಂದರೆ ಏನೋ ದೊಡ್ಡದು ಅನಿಸುತ್ತದೆ, ಆದರೆ ವರ್ಗ ಮಾಡಿದರೆ 0.09, ಅಂದರೆ ಅಂಕಗಳ ಏರುಪೇರಿನಲ್ಲಿ 9% ಮಾತ್ರ ಅದರಿಂದ ವಿವರಿಸಬಹುದು. ನನ್ನದು ಅಷ್ಟೂ ಇರಲಿಲ್ಲ ಬಿಡಿ.

ತಪ್ಪು ಎಲ್ಲಿ ಅಂತ ಹೊಳೆಯಲು ಎರಡು ವಾರ ಬೇಕಾಯಿತು. ನನ್ನ ಕ್ಲಾಸಿನಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ರ‍್ಯಾಂಕಿನ ಆಸುಪಾಸಿನವರು. ಮೇಲಿನವರು ಬೇರೆ ಕಾಲೇಜಿಗೆ ಹೋದರು, ಕೆಳಗಿನವರಿಗೆ ಇಲ್ಲಿ ಸೀಟೇ ಸಿಗಲಿಲ್ಲ. ಜರಡಿ ಹಿಡಿದ ಹಿಟ್ಟನ್ನೇ ಮತ್ತೆ ಅದೇ ಜರಡಿಗೆ ಹಾಕಿದರೆ ಏನು ಉಳಿಯುತ್ತದೆ? ಇನ್ನೊಂದು ಸಂಗತಿ: ನಮ್ಮಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯು ಅಂಕ ಸೇರುತ್ತದೆ. ಹಾಗಾಗಿ ಒಂದೇ ರ‍್ಯಾಂಕಿನ ಇಬ್ಬರಲ್ಲಿ ಸಿಇಟಿ ಜಾಸ್ತಿ ಇದ್ದವನಿಗೆ ಪಿಯು ಕಡಿಮೆ ಇರಲೇಬೇಕು, ಅಲ್ವಾ? ಕ್ಲಾಸಿನೊಳಗೆ ಅವೆರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಸಿಇಟಿಯೇ ದಂಡ ಅಂತ ನಾನು ತೀರ್ಮಾನಿಸಿಬಿಟ್ಟಿದ್ದರೆ ಅದು ಶುದ್ಧ ತಪ್ಪಾಗುತ್ತಿತ್ತು.

ನನ್ನ ಟೆಸ್ಟಿನಲ್ಲೇ ಇದ್ದ ಹುಳುಕು ಬೇರೆ. ಒಗಟುಗಳೆಲ್ಲ ಇಂಗ್ಲಿಷಿನಲ್ಲಿ, ಉದ್ದುದ್ದ ವಾಕ್ಯ. ಕನ್ನಡ ಮಾಧ್ಯಮದಿಂದ ಬಂದ ಒಬ್ಬ ಹುಡುಗಿ ಅರ್ಧ ಪ್ರಶ್ನೆ ಮುಟ್ಟಿರಲೇ ಇಲ್ಲ, ಸೆಮಿಸ್ಟರಿನಲ್ಲಿ ಗಣಿತಕ್ಕೆ ಕ್ಲಾಸಿಗೇ ಮೊದಲು. ನಾನು ಅಳೆದದ್ದು ಬುದ್ಧಿಯನ್ನಲ್ಲ, ಓದುವ ವೇಗವನ್ನು. ಮುಂದಿನ ವರ್ಷ ಪ್ರಶ್ನೆಗಳನ್ನು ಎರಡೂ ಭಾಷೆಯಲ್ಲಿ ಕೊಟ್ಟೆ, ಸಮಯದ ಮಿತಿ ತೆಗೆದೆ.

ಈಗ ಒಟ್ಟು ಅಂಕ ನೋಡುವುದನ್ನೇ ಬಿಟ್ಟಿದ್ದೇನೆ. ಯಾವ ಪ್ರಶ್ನೆ ತಪ್ಪಿತು ಅಂತ ನೋಡುತ್ತೇನೆ. ಲಾಗರಿದಮ್, ಭಿನ್ನರಾಶಿಯಲ್ಲಿ ತಪ್ಪಿದವರನ್ನು ಶನಿವಾರ ಒಂದು ಗಂಟೆ ಕೂರಿಸುತ್ತೇನೆ. ಪಟ್ಟಿಯನ್ನು ಬೇರೆ ಮೇಷ್ಟ್ರುಗಳಿಗೆ ತೋರಿಸುವುದಿಲ್ಲ, ಸುಮ್ನೆ ಹುಡುಗರ ಮೇಲೆ ಒಂದು ಹಣೆಪಟ್ಟಿ ಬೀಳುತ್ತದೆ.