ಮೊಲೇಲಾ ಮಾದರಿಯ ಮಣ್ಣಿನ ಉಬ್ಬುಫಲಕ ಮಾಡುವ ಕ್ರಮ

ರಾಜಸ್ಥಾನದ ನಾಥದ್ವಾರಕ್ಕೆ ಸಮೀಪ, ಬನಾಸ್ ನದಿಯ ದಂಡೆಯಲ್ಲಿರುವ ಮೊಲೇಲಾ ಊರಿನ ಕುಂಬಾರರು ದೇವರ ಉಬ್ಬುಫಲಕಗಳಿಗೆ ಹೆಸರಾದವರು. 2012ರಲ್ಲಿ ಪದ್ಮಶ್ರೀ ಪಡೆದ ಮೋಹನ್‌ಲಾಲ್ ಕುಮ್ಹಾರ್ ಇದೇ ಊರಿನವರು. ಇಲ್ಲಿನ ಫಲಕಕ್ಕೆ ತಿಗರಿ ಬೇಕಿಲ್ಲ, ಅಚ್ಚೂ ಬೇಕಿಲ್ಲ. ಎಲ್ಲವನ್ನೂ ಕೈಯಿಂದಲೇ ಕಟ್ಟುತ್ತಾರೆ.

ಕೆರೆಯ ಜೇಡಿಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು ನೆನೆಸಿರಿ. ಮೊಲೇಲಾದಲ್ಲಿ ಅದಕ್ಕೆ ಸುಮಾರು ಕಾಲುಭಾಗದಷ್ಟು ಕತ್ತೆಯ ಲದ್ದಿ ಬೆರೆಸುತ್ತಾರೆ. ಲದ್ದಿಯಲ್ಲಿರುವ ನಾರು ಒಣಗುವಾಗ ಮಣ್ಣು ಬಿರಿಯದಂತೆ ಹಿಡಿದಿಡುತ್ತದೆ. ಸುಡುವಾಗ ತಾನು ಉರಿದುಹೋಗಿ, ಆವಿ ಹೊರಬೀಳಲು ಸೂಕ್ಷ್ಮ ರಂಧ್ರಗಳನ್ನು ಉಳಿಸುತ್ತದೆ. ಲದ್ದಿ ಸಿಗದಿದ್ದರೆ ನುಣ್ಣಗೆ ಪುಡಿಮಾಡಿದ ಭತ್ತದ ಹೊಟ್ಟು ಆದೀತು. ನಾದುವ ಕೆಲಸದಲ್ಲಿ ಮಾತ್ರ ಅವಸರ ಬೇಡ.

ನೆಲಕ್ಕೆ ಬೂದಿ ಉದುರಿಸಿ, ಹದವಾದ ಮಣ್ಣನ್ನು ಬೆರಳು ದಪ್ಪದ ಹಲಗೆಯಾಗಿ ತಟ್ಟಿರಿ. ಅದರ ಮೇಲೆ ಮೂರ್ತಿಯ ಹೊರಗೆರೆ ಗೀಚಿ, ಗೆರೆಯುದ್ದಕ್ಕೂ ಮಣ್ಣಿನ ಬಗ್ಗಡ ಸವರಿ, ಹುರಿಯಂತೆ ಹೊಸೆದ ಮಣ್ಣನ್ನು ಅಂಟಿಸುತ್ತಾ ಗೋಡೆ ಎಬ್ಬಿಸಿರಿ.

ಇಡೀ ಕೆಲಸದ ಮರ್ಮ ಇನ್ನು ಮುಂದಿದೆ. ದೇವರ ಹೊಟ್ಟೆಯನ್ನೋ ಕುದುರೆಯ ಮೈಯನ್ನೋ ಗಟ್ಟಿ ಮಣ್ಣಿನಿಂದ ತುಂಬಬಾರದು. ಎರಡೂ ಕಡೆಯ ಗೋಡೆಗಳನ್ನು ಒಳಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ಉಬ್ಬಿಸುತ್ತಾ, ಹೊರಗಿನಿಂದ ಅಂಗೈ ಆನಿಸಿ, ನಿಧಾನವಾಗಿ ಒಂದನ್ನೊಂದು ಕೂಡುವಂತೆ ಬಾಗಿಸಬೇಕು. ಒಳಗೆ ಪೊಳ್ಳು ಉಳಿದಾಗಲೇ ಗೋಡೆ ಎಲ್ಲೆಡೆ ಒಂದೇ ದಪ್ಪವಾಗಿ, ಒಂದೇ ವೇಗದಲ್ಲಿ ಒಣಗುತ್ತದೆ; ದಪ್ಪನೆಯ ಗುಡ್ಡೆಯಾದರೆ ಮೇಲ್ಮೈ ಒಣಗಿದರೂ ನಡುವೆ ತೇವ ಉಳಿದು, ಬೆಂಕಿ ತಾಗಿದಾಗ ಅದು ಆವಿಯಾಗಿ ಮೂರ್ತಿಯನ್ನೇ ಸಿಡಿಸುತ್ತದೆ. ಮುಚ್ಚಿದ ಪೊಳ್ಳಿಗೆ ಸೂಜಿಯಿಂದ ಒಂದೆರಡು ತೂತು ಮಾಡಲು ಮರೆಯಬೇಡಿ. ಕಣ್ಣು, ಒಡವೆ, ಆಯುಧಗಳನ್ನು ಕೊನೆಗೆ ಅಂಟಿಸಿ, ಸಣ್ಣ ಕಬ್ಬಿಣದ ಉಳಿಯಿಂದ ತಿದ್ದಿರಿ.

ನೆರಳಿನಲ್ಲಿ ಕನಿಷ್ಠ ಒಂದು ವಾರ ಒಣಗಲಿ. ಅಂಚುಗಳು ಬೇಗ ಒಣಗುವುದರಿಂದ ಅವುಗಳ ಮೇಲೆ ಒದ್ದೆ ಬಟ್ಟೆ ಹೊದಿಸುವುದು ಒಳ್ಳೆಯದು. ಕೆನ್ನೆಗೆ ತಾಗಿಸಿದಾಗ ತಣ್ಣಗೆನಿಸಿದರೆ ಒಳಗೆ ತೇವ ಇನ್ನೂ ಇದೆ ಎಂದೇ ತಿಳಿಯಬೇಕು.

ಆವಿಗೆಯಲ್ಲಿ, ಅಂದರೆ ಕುಂಬಾರರ ಸುಡುಗೂಡಿನಲ್ಲಿ, ಸೌದೆ, ಬೆರಣಿಗಳ ನಡುವೆ ಫಲಕ ಜೋಡಿಸಿ, ಮೊದಲ ಕೆಲವು ಗಂಟೆ ಸಣ್ಣ ಉರಿಯನ್ನೇ ಕಾಯಿರಿ. ಕಾವು 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮಣ್ಣು ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಆದರೂ ಗಟ್ಟಿತನಕ್ಕಾಗಿ ಉರಿಯನ್ನು ಇನ್ನಷ್ಟು ಏರಿಸಬೇಕು. ಆವಿಗೆ ತಾನಾಗಿ ಆರುವವರೆಗೆ ತೆರೆಯಬಾರದು. ಹೊರತೆಗೆದ ಫಲಕವನ್ನು ಬೆರಳ ಗೆಣ್ಣಿನಿಂದ ತಟ್ಟಿರಿ: ಚೆನ್ನಾಗಿ ಬೆಂದಿದ್ದರೆ ಕಣಕಣನೆ ದನಿ ಕೊಡುತ್ತದೆ, ಒಳಗೆಲ್ಲೋ ಬಿರುಕಿದ್ದರೆ ದನಿ ಮಂಕಾಗಿರುತ್ತದೆ.