ಅಸೆಂಬ್ಲಿ ಗ್ರಾಫಿಕ್ಸ್ ರೂಟೀನನ್ನು ಶೇರ್ಡ್ ಲೈಬ್ರರಿಗೆ ಒಗ್ಗಿಸುವುದು ಹೇಗೆ?

ಪಿಕ್ಸೆಲ್ ಬೆರೆಸುವ, ಬಣ್ಣ ಬದಲಿಸುವ ರೂಟೀನ್‌ಗಳನ್ನು ಇಂಟೆಲ್ ಮಾದರಿಯ (x86) ಅಸೆಂಬ್ಲಿಯಲ್ಲಿ ಬರೆದು, ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಶೇರ್ಡ್ ಲೈಬ್ರರಿಗೆ ಸೇರಿಸಹೊರಟರೆ, ಕೋಡಿನ ತುಂಡುಗಳನ್ನು ಜೋಡಿಸುವ ಲಿಂಕರ್ ತಕರಾರು ತೆಗೆಯುತ್ತದೆ: ‘ಎಫ್‌ಪಿಕ್ (-fPIC, ಎಲ್ಲಿ ಕೂತರೂ ಓಡುವ ಕೋಡ್) ಹಾಕಿ ಮತ್ತೆ ಕಂಪೈಲ್ ಮಾಡಿ’. ಹೆಚ್ಚಿನವರು ಅದನ್ನು ನಂಬಿ ಮೇಕ್‌ಫೈಲ್‌ಗೆ ಆ ಫ್ಲ್ಯಾಗ್ ಸೇರಿಸುತ್ತಾರೆ. ಏನೂ ಬದಲಾಗುವುದಿಲ್ಲ. ಆ ಫ್ಲ್ಯಾಗ್‌ನ ಅಧಿಕಾರ ಕಂಪೈಲರ್ ಹುಟ್ಟಿಸುವ ಕೋಡಿನ ಮೇಲೆ ಮಾತ್ರ. ನೀವು ಕೈಯಾರೆ ಬರೆದದ್ದನ್ನು ನೀವೇ ತಿದ್ದಬೇಕು.

ಶೇರ್ಡ್ ಲೈಬ್ರರಿ ಮೆಮೊರಿಯಲ್ಲಿ ಎಲ್ಲಿ ಕೂರುತ್ತದೆ ಎಂಬುದು ಲೋಡ್ ಆಗುವಾಗಷ್ಟೇ ಗೊತ್ತಾಗುವ ಸಂಗತಿ. ಕೋಡಿನೊಳಗೆ ನೇರ ವಿಳಾಸ ಇದ್ದರೆ ಲೋಡರ್ ಆ ಕೋಡನ್ನೇ ತಿದ್ದಬೇಕಾಗುತ್ತದೆ. ತಿದ್ದಿದ ಪುಟಗಳನ್ನು ಬೇರೆ ಪ್ರೋಗ್ರಾಂಗಳ ಜೊತೆ ಹಂಚಿಕೊಳ್ಳಲು ಆಗುವುದಿಲ್ಲ. ಲಿನಕ್ಸ್‌ನ ಭದ್ರತಾ ವ್ಯವಸ್ಥೆಯಾದ ಎಸ್‌ಇಲಿನಕ್ಸ್ ಬಿಗಿಯಾಗಿರುವ ಕಡೆ ಈ ತಿದ್ದುಪಡಿಗೆ ಅನುಮತಿಯೇ ಸಿಗದು. ಆಂಡ್ರಾಯ್ಡ್ 6.0 ಅಥವಾ ನಂತರದ ಆವೃತ್ತಿಗೆಂದು ಕಟ್ಟಿದ ಆ್ಯಪ್‌ನಲ್ಲಿ ಇಂಥ ಲೈಬ್ರರಿ ಲೋಡ್ ಆಗುವುದೇ ಇಲ್ಲ. ‘ಝಡ್ ನೋಟೆಕ್ಸ್ಟ್’ (-z notext) ಎಂದು ಲಿಂಕರ್‌ನ ಬಾಯಿ ಮುಚ್ಚಿಸುವ ಅಡ್ಡದಾರಿ ದಯವಿಟ್ಟು ಬೇಡ.

1. ಹುಡುಕಿ. ಲೈಬ್ರರಿಯ ಒಳವಿವರ ತೋರಿಸುವ ರೀಡ್‌ಎಲ್ಫ್‌ಗೆ ‘ಡಿ’ ಆಯ್ಕೆ (readelf -d) ಕೊಟ್ಟು ಟೆಕ್ಸ್ಟ್‌ರೆಲ್ (TEXTREL, ಕೋಡನ್ನೇ ತಿದ್ದಬೇಕೆಂಬ ಗುರುತು) ಎಂಬ ಸಾಲು ಇದೆಯೇ ನೋಡಿ. ಇದ್ದರೆ ಆಬ್ಜ್‌ಡಂಪ್ (objdump) ಎಂಬ ಸಾಧನ ಯಾವ ಸೂಚನೆಯಲ್ಲಿ ತೊಂದರೆ ಎಂದು ತೋರಿಸುತ್ತದೆ.

2. 64 ಬಿಟ್ ಕೋಡ್. ನ್ಯಾಸ್ಮ್ (NASM) ಅಸೆಂಬ್ಲರ್ ಬಳಸುವವರು ಕಡತದ ತಲೆಯಲ್ಲೇ ‘ಡಿಫಾಲ್ಟ್ ರೆಲ್’ (default rel) ಬರೆಯಿರಿ. ಮುಕ್ಕಾಲು ಕೆಲಸ ಮುಗಿಯಿತು. ಆದರೆ ಟೇಬಲ್‌ನ ಹೆಸರಿನ ಜೊತೆ ಇಂಡೆಕ್ಸ್ ರಿಜಿಸ್ಟರ್ ಸೇರಿಸಿದ ಸಾಲುಗಳಿಗೆ ಇದು ಅನ್ವಯಿಸದು, ಏಕೆಂದರೆ ಆರ್‌ಐಪಿ (RIP, ಈಗ ಓಡುತ್ತಿರುವ ಜಾಗ ಹೇಳುವ ರಿಜಿಸ್ಟರ್) ಆಧಾರದ ವಿಳಾಸದಲ್ಲಿ ಇನ್ನೊಂದು ರಿಜಿಸ್ಟರ್‌ಗೆ ಜಾಗವಿಲ್ಲ. ಮೊದಲು ‘ಲೀ’ (lea) ಸೂಚನೆಯಿಂದ ಟೇಬಲ್‌ನ ವಿಳಾಸವನ್ನು ಒಂದು ರಿಜಿಸ್ಟರ್‌ಗೆ ತನ್ನಿ, ಆಮೇಲೆ ಅದಕ್ಕೆ ಇಂಡೆಕ್ಸ್ ಕೂಡಿಸಿ.

3. 32 ಬಿಟ್ ಕೋಡ್. ಎಲ್ಲರೂ ಮುಗ್ಗರಿಸುವುದು ಇಲ್ಲೇ. ಇಲ್ಲಿ ಆರ್‌ಐಪಿಯ ಆಸರೆ ಇಲ್ಲ. ನಾವು ಎಲ್ಲಿದ್ದೇವೆ ಎಂದು ತಿಳಿಯಲು ಒಂದು ಕಾಲ್ ಮಾಡಿ, ಸ್ಟ್ಯಾಕ್ ಮೇಲೆ ಬಿದ್ದ ಹಿಂದಿರುಗುವ ವಿಳಾಸವನ್ನು ಇಬಿಎಕ್ಸ್ (EBX) ರಿಜಿಸ್ಟರ್‌ಗೆ ತೆಗೆದುಕೊಂಡು, ಅದಕ್ಕೆ ಗಾಟ್‌ವರೆಗಿನ (GOT, ಲೈಬ್ರರಿಯ ವಿಳಾಸಪಟ್ಟಿ) ಅಂತರ ಕೂಡಿಸಬೇಕು. ಆಮೇಲೆ ನಿಮ್ಮದೇ ಕಡತದ ಡೇಟಾವನ್ನು ‘ಗಾಟ್‌ಆಫ್’ (ಗಾಟ್‌ನಿಂದ ಇರುವ ದೂರ) ಮೂಲಕ ಇಬಿಎಕ್ಸ್‌ನಿಂದ ಅಳೆದು ಮುಟ್ಟಬಹುದು. ಕಾಲ್ ಮಾಡಿದ ತಕ್ಷಣ ಪಾಪ್ ಮಾಡುವ ಬದಲು, ವಿಳಾಸ ಓದಿ ರೆಟ್ ಆಗುವ ಪುಟ್ಟ ಫಂಕ್ಷನ್ ಇಡಿ. ಕಾಲ್–ರೆಟ್ ಜೋಡಿ ತಪ್ಪದಿದ್ದರೆ ಎಲ್ಲಿಗೆ ಹಿಂದಿರುಗಬೇಕೆಂಬ ಪ್ರೊಸೆಸರ್‌ನ ಊಹೆಯೂ ತಪ್ಪದು.

ಇಬಿಎಕ್ಸ್ ನಿಮ್ಮನ್ನು ಕರೆದವರ ಸ್ವತ್ತು. ಮುಟ್ಟುವ ಮೊದಲು ಪುಷ್ ಮಾಡಿ, ಹೊರಡುವಾಗ ಹಾಗೆಯೇ ಹಿಂದಿರುಗಿಸಿ. ಅಲ್ಲಿಲ್ಲಿ ಸಿಗುವ ಸಿದ್ಧ ಮ್ಯಾಕ್ರೋಗಳಲ್ಲಿ ಇದನ್ನು ಮರೆತವು ಬಹಳ. ಜಿಸಿಸಿ ಕಂಪೈಲರ್‌ನ ಇನ್‌ಲೈನ್ ಅಸೆಂಬ್ಲಿಯಲ್ಲಿ, ಅಂದರೆ ಸಿ ಕೋಡಿನ ನಡುವೆಯೇ ಬರೆಯುವಾಗ, ಅಪಾಯ ಇನ್ನೂ ಸೂಕ್ಷ್ಮ. 5ಕ್ಕಿಂತ ಹಳೆಯ ಜಿಸಿಸಿ ಇಬಿಎಕ್ಸ್ ಬಿಟ್ಟುಕೊಡುವುದಿಲ್ಲವೆಂದು ಕೆಲವರು ಒಳಗೇ ಪುಷ್ ಮಾಡಿ ಸುಮ್ಮನಾಗುತ್ತಾರೆ. ಆಗ ಸ್ಟ್ಯಾಕ್ 4 ಬೈಟ್ ಸರಿಯುತ್ತದೆ; ಸ್ಟ್ಯಾಕ್‌ನ ತುದಿ ತೋರಿಸುವ ಇಎಸ್‌ಪಿ ಆಧಾರದ ಮೆಮೊರಿ ಆಪರೆಂಡ್‌ಗಳೆಲ್ಲ ಪಕ್ಕದ ಮೌಲ್ಯವನ್ನು ಓದುತ್ತವೆ. ಫ್ರೇಮ್ ಪಾಯಿಂಟರ್ ಇರುವ ಡೀಬಗ್ ಬಿಲ್ಡ್‌ನಲ್ಲಿ ಚಿತ್ರ ಸರಿಯಾಗಿಯೇ ಬರುತ್ತದೆ, ರಿಲೀಸ್ ಬಿಲ್ಡ್‌ನಲ್ಲಿ ಕೆಡುತ್ತದೆ. ಇನ್‌ಲೈನ್ ಬಿಟ್ಟು ಪ್ರತ್ಯೇಕ ಕಡತದಲ್ಲೇ ಬರೆಯಿರಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ರಿಜಿಸ್ಟರ್‌ಗಳ ಬರ. ಬ್ಲೆಂಡ್ ರೂಟೀನ್‌ಗೆ ಮೂಲ ಮತ್ತು ಗುರಿಯ ಪಾಯಿಂಟರ್‌ಗಳು, ಎರಡರ ಸ್ಟ್ರೈಡ್‌ಗಳು (ಒಂದು ಸಾಲಿನಿಂದ ಮುಂದಿನ ಸಾಲಿಗಿರುವ ಬೈಟ್ ಅಂತರ), ಅಗಲ, ಎತ್ತರ ಎಂದು ಆರು ಹೋದವು. ಇಎಸ್‌ಪಿ ಬಿಟ್ಟರೆ ಇರುವುದೇ ಏಳು. ಕೊನೆಯದನ್ನು ಗಾಟ್ ನುಂಗಿದರೆ ಲೂಪ್‌ಗೆ ಉಸಿರಾಡಲು ಜಾಗವಿಲ್ಲ. ಆದ್ದರಿಂದ ಲೂಪ್‌ನೊಳಗೆ ಗಾಟ್ ಇಟ್ಟುಕೊಳ್ಳಲೇಬೇಡಿ. ಬೇಕಾದ ಸ್ಥಿರಾಂಕಗಳನ್ನು ಲೂಪ್‌ಗೆ ಮುನ್ನವೇ ಎಂಎಂಎಕ್ಸ್ (MMX) ರಿಜಿಸ್ಟರ್‌ಗಳಾದ ಎಂಎಂ6, ಎಂಎಂ7ಕ್ಕೆ ತುಂಬಿ ಇಬಿಎಕ್ಸ್ ಬಿಡುಗಡೆ ಮಾಡಿ.

ಎಷ್ಟೋ ಸ್ಥಿರಾಂಕಗಳಿಗೆ ಮೆಮೊರಿಯೇ ಬೇಡ. ಬ್ಲೆಂಡ್‌ನಲ್ಲಿ ಪೂರ್ಣಾಂಕಕ್ಕೆ ಸರಿಹೊಂದಿಸಲು ಬಳಸುವ 128 ನೋಡಿ. ‘ಪಿಸಿಎಂಪಿಇಕ್ಯುಡಬ್ಲ್ಯು’ (pcmpeqw) ಸೂಚನೆಯಲ್ಲಿ ಎಂಎಂ7 ಅನ್ನು ಅದರೊಂದಿಗೇ ಹೋಲಿಸಿದರೆ ಎಲ್ಲ ಬಿಟ್‌ಗಳೂ 1 ಆಗುತ್ತವೆ. ಪ್ರತಿ 16 ಬಿಟ್ ತುಣುಕನ್ನು ಬಲಕ್ಕೆ 15 ಸರಿಸಿದರೆ 1, ಎಡಕ್ಕೆ 7 ಸರಿಸಿದರೆ 128. ಮೂರೇ ಸೂಚನೆ, ವಿಳಾಸದ ಸುಳಿವೇ ಇಲ್ಲ. ಬಲಕ್ಕೆ 15ರ ಬದಲು 8 ಸರಿಸಿ ನಿಲ್ಲಿಸಿದರೆ 255ರ ಮಾಸ್ಕ್ ಸಿದ್ಧ.

4. ಜಂಪ್ ಟೇಬಲ್. ಪಿಕ್ಸೆಲ್ ಫಾರ್ಮ್ಯಾಟ್‌ಗೆ ತಕ್ಕಂತೆ ಹಾರುವ ಟೇಬಲ್‌ನಲ್ಲಿ ಪೂರ್ತಿ ವಿಳಾಸ ಇಡದೆ, ಟೇಬಲ್‌ನ ಆರಂಭದಿಂದ ಆ ಲೇಬಲ್‌ವರೆಗಿನ ಅಂತರ ಇಡಿ. ಓದಿ, ಆರಂಭದ ವಿಳಾಸ ಕೂಡಿಸಿ, ಹಾರಿ. ಲೂಪ್‌ನ ಒಳಗಿನ ಸಂಖ್ಯೆಯನ್ನು ಓಡುವಾಗಲೇ ತಿದ್ದಿಕೊಳ್ಳುವ ಹಳೆಯ ಬ್ಲಿಟ್ಟರ್‌ಗಳನ್ನು (ಚಿತ್ರದ ತುಂಡು ನಕಲಿಸುವ ರೂಟೀನ್‌ಗಳು) ಹೊಸದಾಗಿ ಬರೆಯುವುದೇ ವಾಸಿ.

5. ಹೆಸರು ಮರೆಮಾಡಿ. ಹೊರಗಿನವರು ಕರೆಯದ ರೂಟೀನ್‌ಗಳನ್ನೆಲ್ಲ ‘ಹಿಡನ್’ ಎಂದು ಗುರುತಿಸಿ. ಆಗ ಲೈಬ್ರರಿಯ ಒಳಗಿನ ಕರೆಗೆ ಪಿಎಲ್‌ಟಿ (PLT, ಹೊರಗಿನ ಫಂಕ್ಷನ್‌ಗಳಿಗೆ ದಾಟಿಸುವ ಮಧ್ಯವರ್ತಿ ಕೋಡ್) ಬೇಕಾಗುವುದಿಲ್ಲ.

6. ಪರೀಕ್ಷಿಸಿ. ಇನ್ನು ಮುಂದೆ ಲಿಂಕ್ ಮಾಡುವಾಗ ‘ಝಡ್ ಟೆಕ್ಸ್ಟ್’ (-z text) ಆಯ್ಕೆ ಕಾಯಂ ಇರಲಿ. ನೇರ ವಿಳಾಸ ನುಸುಳಿದರೆ ಬಿಲ್ಡ್ ನಿಲ್ಲುತ್ತದೆ. ಅದೇ ಕೆಲಸದ ಸಿ ಆವೃತ್ತಿಯ ಫಲಿತಾಂಶಕ್ಕೆ ಪಿಕ್ಸೆಲ್ ಪಿಕ್ಸೆಲ್ ಹೋಲಿಸಿ, 1, 3, 7ರಂಥ ಬೆಸ ಅಗಲಗಳಲ್ಲೂ ನೋಡಿ. ಕರೆಯುವ ಮುನ್ನ ಇಬಿಎಕ್ಸ್, ಇಎಸ್‌ಐ, ಇಡಿಐ, ಇಬಿಪಿಗಳಲ್ಲಿ ಗುರುತಿನ ಸಂಖ್ಯೆ ತುಂಬಿಟ್ಟು, ಹಿಂದಿರುಗಿದ ಮೇಲೆ ಹಾಗೆಯೇ ಇವೆಯೇ ನೋಡುವ ಪುಟ್ಟ ಹೊದಿಕೆ ಫಂಕ್ಷನ್ ಒಂದನ್ನೂ ಬರೆದಿಡಿ. ಪಿಕ್ಸೆಲ್ ಹೋಲಿಕೆಯಲ್ಲಿ ಸಿಗದ ಇಬಿಎಕ್ಸ್ ತಪ್ಪು ಅಲ್ಲಿ ಸಿಕ್ಕಿಬೀಳುತ್ತದೆ.