ಅಮೆರಿಕದ ಹುಡುಗಿಗೆ ಹಾಲಿನ ಲೆಕ್ಕ ಒಪ್ಪಿಸಿದೆ

ಕನ್ನಡ ಕಲಿಯೋಕೆ ಬರುವ ಅಮೆರಿಕದ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳೋದು ಮೂರನೇ ಸಲಕ್ಕೆ ಕೈ ಹತ್ತಿತು, ಅದಕ್ಕೇ ಬರೆಯುತ್ತಿದ್ದೇನೆ. ಮೊದಲ ಎರಡು ಸಲ ಏನಾಯಿತು ಅನ್ನೋದು ಸರಸ್ವತಿಪುರಂನಲ್ಲಿ ನಮ್ಮ ರಸ್ತೆಯವರಿಗೆಲ್ಲ ಗೊತ್ತು, ಮುಚ್ಚಿಡೋಕೆ ಏನೂ ಉಳಿದಿಲ್ಲ.

ಮೈಸೂರಿನಲ್ಲಿ ಅಮೆರಿಕದ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳುವವಳು ನಾನೊಬ್ಬಳೇ ಅಲ್ಲ. ಗೋಕುಲಂ ಕಡೆ ಯೋಗಕ್ಕೆ ಬರುವವರದು ಬೇರೆಯದೇ ಲೋಕ, ಅದಕ್ಕೆ ನಾನು ಕೈ ಹಾಕಿಲ್ಲ. ನಾನು ಹೇಳುತ್ತಿರುವುದು ಕನ್ನಡ ಕಲಿಯೋಕೆ ಬರುವ ಮಕ್ಕಳ ವಿಷಯ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಕನ್ನಡ ತರಗತಿ ನಡೆಯುವುದು ನಮ್ಮ ಊರಲ್ಲೇ. ಅದಲ್ಲದೆ ಸಂಶೋಧನೆ ಅಂತ ತಾವಾಗೇ ಬರುವವರೂ ಇದ್ದಾರೆ. ವಿದೇಶದವರು ಮನೆಯಲ್ಲಿ ಉಳಿದರೆ ಸರ್ಕಾರಕ್ಕೆ ಕೊಡಬೇಕಾದ ಫಾರಂ (ಆಗ ಫಾರಂ ಸಿ ಅನ್ನುತ್ತಿದ್ದರು), ಪಾಸ್‌ಪೋರ್ಟ್ ಕಾಪಿ ಇದೆಲ್ಲ ನಿಮ್ಮಲ್ಲಿ ಇಂಥ ಮಕ್ಕಳನ್ನು ಇಟ್ಟುಕೊಂಡವರಿಗೆ ಗೊತ್ತಿರೋದೇ. ಬಂದ 24 ಗಂಟೆಯೊಳಗೆ ತುಂಬಬೇಕು, ಹಿಂದಿನ ದಿನವೇ ಸ್ಕ್ಯಾನ್ ತರಿಸಿಕೊಂಡಿರಿ. ಮುಂದಕ್ಕೆ ಹೋಗೋಣ.

ಮೊದಲನೆಯವನು ಟೆಕ್ಸಸ್ ಹುಡುಗ, 2015ರಲ್ಲಿ. ಅವನನ್ನು ದೇವರ ಹಾಗೆ ನೋಡಿಕೊಂಡೆ, ಅದೇ ತಪ್ಪಾಯಿತು. ಬಾತ್‌ರೂಮಿಗೆ ವೆಸ್ಟರ್ನ್ ಕಮೋಡು, ಗೀಸರು, ಹೊಸ ಹಾಸಿಗೆ, ಕಿಟಕಿಗೆಲ್ಲ ಸೊಳ್ಳೆ ಪರದೆ, ಎಲ್ಲ ಸೇರಿ ಅರವತ್ತು ಸಾವಿರದ ಹತ್ತಿರ ಖರ್ಚು. ಖಾರ ಇಲ್ಲದ ಅಡುಗೆ ಬೇರೆ. ಅವನು ಊಟಕ್ಕೆ ಕೂತರೆ ನಾನೊಂದು ಕಡೆ, ನಮ್ಮನೆಯವರೊಂದು ಕಡೆ ನಿಂತು ಬಡಿಸುತ್ತಿದ್ದೆವು. ಅವನು ‘ಸಾಕು’ ಅಂದರೆ ನಾವು ಇನ್ನೊಂದು ಸೌಟು. ನಮ್ಮಲ್ಲಿ ಮೂರನೇ ಸಲದ ‘ಸಾಕು’ ಮಾತ್ರ ನಿಜವಾದ ಸಾಕು ಅಲ್ಲವೇ? ಅವನ ಊರಲ್ಲಿ ಮೊದಲನೆಯದೇ ನಿಜ. ಬಡಿಸಿದ್ದನ್ನು ಬಿಡಬಾರದು ಅಂತ ಅವನು ತಿನ್ನುತ್ತಿದ್ದ, ಇಷ್ಟಪಟ್ಟು ತಿಂತಿದ್ದಾನೆ ಅಂತ ನಾವು ಹಾಕುತ್ತಿದ್ದೆವು. ಐದೇ ವಾರಕ್ಕೆ ಲಾಡ್ಜಿಗೆ ಹೋದ. ಹೋಗುವಾಗ ಒಂದು ಕಾರ್ಡು ಇಟ್ಟು ಹೋಗಿದ್ದ, ‘ನಿಮಗೆ ತುಂಬಾ ತೊಂದರೆ ಕೊಟ್ಟೆ’ ಅಂತ. ನಾವು ಅದನ್ನು ಮರ್ಯಾದೆಯ ಮಾತು ಅಂದುಕೊಂಡೆವು. ಮೂರು ವರ್ಷ ಆದ ಮೇಲೆ ಗೊತ್ತಾಯಿತು, ಅವನು ಬರೆದಿದ್ದು ಅಕ್ಷರಶಃ ನಿಜ. ತನ್ನ ತಟ್ಟೆ ತಾನೇ ತೊಳೆದುಕೊಂಡು ಬೆಳೆದ ಹುಡುಗನಿಗೆ ಇಬ್ಬರು ಹಿರಿಯರು ನಿಂತು ಬಡಿಸಿದರೆ ತುತ್ತು ಇಳಿಯೋದಿಲ್ಲ. ನನಗೆ ಬಂದಿದ್ದು ಇಪ್ಪತ್ತು ಸಾವಿರ ಚಿಲ್ಲರೆ.

2018ರಲ್ಲಿ ಓಹಾಯೋದ ಹುಡುಗಿ. ಈ ಸಲ ಬಿಗಿ ಮಾಡಿದೆ. ಸಂಜೆ ಆರರ ಮೇಲೆ ಮನೆಯಲ್ಲಿ ಇಂಗ್ಲಿಷ್ ಮಾತಾಡಿದರೆ ಹತ್ತು ರೂಪಾಯಿ ದಂಡ, ಹುಂಡಿಗೆ. ಎರಡು ತಿಂಗಳಾದ ಮೇಲೆ ಹುಂಡಿ ಒಡೆದರೆ ಮುನ್ನೂರ ನಲವತ್ತು ರೂಪಾಯಿ, ಅದರಲ್ಲಿ ಇನ್ನೂರಕ್ಕೂ ಮೇಲೆ ನಮ್ಮನೆಯವರದೇ! ಹುಡುಗಿ ಇಂಗ್ಲಿಷೂ ಆಡಲಿಲ್ಲ, ಕನ್ನಡವೂ ಆಡಲಿಲ್ಲ, ಬಾಯಿ ಮುಚ್ಚಿಕೊಂಡು ಇದ್ದುಬಿಟ್ಟಳು. ಆಮೇಲಾಮೇಲೆ ರಾತ್ರಿ ಒಂಬತ್ತಕ್ಕೆ ಮನೆಗೆ ಬರೋಕೆ ಶುರು ಮಾಡಿದಳು. ಅವಳ ಕೂದಲು ನೇರ ಮಾಡುವ ಮೆಷಿನ್ನಿನಿಂದ ಆದ ನಷ್ಟ ಬೇರೆ. ಅವರ ಕಡೆ 120 ವೋಲ್ಟು, ನಮ್ಮಲ್ಲಿ 230. ಪಿನ್ನು ಬದಲಾಯಿಸಿದ ಮಾತ್ರಕ್ಕೆ ವೋಲ್ಟೇಜು ಬದಲಾಗುತ್ತದೆಯೇ? ಚಟ್ ಅಂದಿತು, ಹೊಗೆ ಬಂತು, ಅದೇ ಬೋರ್ಡಿನಲ್ಲಿದ್ದ ವೈಫೈ ಡಬ್ಬಿಯೂ ಹೋಯಿತು, ಸಾವಿರದ ಎಂಟುನೂರು. ಈಗ ನಾನು ಬಂದ ದಿನವೇ ಎಲ್ಲ ಚಾರ್ಜರು ಹಾಸಿಗೆ ಮೇಲೆ ಹಾಕಿಸಿ, ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದುತ್ತೇನೆ. 100–240 ಅಂತ ಇದ್ದರೆ ಸರಿ, ಬರೀ 120 ಇದ್ದರೆ ಬೀರುವಿಗೆ.

2023ರ ಜುಲೈನಲ್ಲಿ ವಿಸ್ಕಾನ್ಸಿನ್ ಹುಡುಗಿ ಬಂದಳು, ಹತ್ತು ತಿಂಗಳಿಗೆ. ಊಟ ಸೇರಿ ತಿಂಗಳಿಗೆ ಇಪ್ಪತ್ತೆರಡು ಸಾವಿರ. ಈ ಸಲ ಏನು ಮಾಡಬೇಕು ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ. ಬಂದ ಎರಡನೇ ಸಂಜೆ ಅಡುಗೆಮನೆ ಗೋಡೆಯ ಕ್ಯಾಲೆಂಡರು ತೋರಿಸಿ, ಜಿಪ್ಪು ಹಾಕುವ ಒಂದು ಪರ್ಸಿನಲ್ಲಿ ನಾಲ್ಕು ಸಾವಿರ ಹಾಕಿ ಕೈಗೆ ಕೊಟ್ಟೆ. ಹಾಲು, ಹೂವು, ಇಸ್ತ್ರಿ, ಮೂರರ ಲೆಕ್ಕವೂ ಇನ್ನು ನಿನ್ನದು ಅಂದೆ.

ನಮ್ಮ ಭಾವನವರು ಅವತ್ತು ಕಾಫಿಗೆ ಬಂದಿದ್ದರು. ‘ದುಡ್ಡು ಕೊಟ್ಟು ಬಂದಿರೋ ಹುಡುಗಿ ಹತ್ರ ಮನೆಗೆಲಸ ಮಾಡಿಸ್ತೀಯಲ್ಲಮ್ಮ, ನಾಳೆ ಕಂಪ್ಲೇಂಟ್ ಬಂದ್ರೆ ನಾನಂತೂ ಬರಲ್ಲ’ ಅಂದರು. ನಮ್ಮ ನಾದಿನಿ ಇನ್ನೂ ಒಂದು ಹೆಜ್ಜೆ ಮುಂದೆ, ‘ನಾಲ್ಕು ಸಾವಿರ ಮರೆತುಬಿಡಿ ಅತ್ತಿಗೆ’ ಅಂದಳು.

ಮೊದಲ ತಿಂಗಳು ಅವರ ಮಾತೇ ನಿಜವಾಗುವ ಹಾಗಿತ್ತು. ಆಗಸ್ಟ್ 7ಕ್ಕೆ ಹಾಲಿನ ಹುಡುಗ ಐನೂರು ಅಡ್ವಾನ್ಸ್ ಕೇಳಿದ, ಇವಳು ಕೊಟ್ಟು ಅವನ ಪುಸ್ತಕದಲ್ಲಿ 8/7 ಅಂತ ಬರೆದಳು. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ತಾರೀಕು ಆಮೇಲೆ. ತಿಂಗಳ ಕೊನೆಗೆ ಅವನು ಪುಸ್ತಕ ತೆಗೆದು, ‘ಇದು ಜುಲೈ ಎಂಟರದ್ದು ಮೇಡಂ, ಆ ಲೆಕ್ಕ ಮುಗಿದೋಯ್ತು’ ಅಂದ. ಅವನದೂ ಮೋಸವಲ್ಲ, ಹಾಗೇ ಓದಿದ್ದ. ನಾನು ಬಾಗಿಲ ಹಿಂದೆ ನಿಂತಿದ್ದೆ, ಬಾಯಿ ಹಾಕಬೇಕು ಅಂತ ತುಟಿಯವರೆಗೂ ಬಂತು, ಹಾಕಲಿಲ್ಲ. ಇವಳು ‘ನಾನು ಜುಲೈ ತಿಂಗಳ ಎಂಟನೆಯ ತಾರೀಖಿನಂದು ಮೈಸೂರಿನಲ್ಲಿ ಇರಲಿಲ್ಲ’ ಅಂದಳು. ಪೂರ್ತಿ ಪುಸ್ತಕದ ಕನ್ನಡ, ಆದರೆ ಪಾಯಿಂಟು ಸರಿಯಾಗಿತ್ತು. ಅವಳು ಇಳಿದಿದ್ದೇ ಜುಲೈ ಹನ್ನೆರಡಕ್ಕೆ! ಹುಡುಗ ತಲೆ ಕೆರೆದುಕೊಂಡು ಲೆಕ್ಕದಲ್ಲಿ ಐನೂರು ಕಳೆದ. ಅವತ್ತು ರಾತ್ರಿ ಊಟಕ್ಕೆ ಕೂತು ಅದೇ ಕತೆಯನ್ನು ಎರಡು ಸಲ ಹೇಳಿದಳು, ಕನ್ನಡದಲ್ಲೇ. ದಂಡವೂ ಇಲ್ಲ, ಹುಂಡಿಯೂ ಇಲ್ಲ.

ಪುಸ್ತಕದ ಕನ್ನಡ ಉದುರಿಸಿದ್ದು ಇಸ್ತ್ರಿಯವನು. ‘ಹಣವನ್ನು ನಾಳೆ ಕೊಡುತ್ತೇನೆ’ ಅಂತ ಇವಳು ಹೇಳಿದರೆ, ‘ಏನಕ್ಕ, ವಾರ್ತೆ ಓದ್ದಂಗೆ ಮಾತಾಡ್ತೀರ’ ಅಂತ ನಗುತ್ತಿದ್ದ. ದಸರಾ ಹೊತ್ತಿಗೆ ‘ನಾಳೆ ಕೊಡ್ತೀನಿ ಬಿಡಣ್ಣ’ ಬಂತು. ನೀನು–ನೀವು ಮಾತ್ರ ಬಹಳ ದಿನ ತಿರುಗುಮುರುಗು. ನಮ್ಮನೆಯವರಿಗೆ ‘ನೀನು ಕಾಫಿ ಕುಡಿದೆಯಾ’, ಬೀದಿ ನಾಯಿಗೆ ‘ನೀವು ಆಚೆ ಹೋಗಿ’. ಮೊದಲ ವಾರ ನಮ್ಮನೆಯವರನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು, ಎದುರು ಮನೆಯವರು ಕೇಳಿಸಿಕೊಂಡು ಗಾಬರಿಯಾದರು. ನಲವತ್ತು ವರ್ಷದಿಂದ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯದ ಮನುಷ್ಯ, ಒಳಗೊಳಗೇ ಖುಷಿಪಡುತ್ತಿದ್ದರು ಅಂತ ನನ್ನ ಅನುಮಾನ.

ಹೂವಿನಮ್ಮನ ಪಾಠವೇ ದೊಡ್ಡದು. ಈ ಹುಡುಗಿ ಎಡಚಿ. ಮೊದಲ ದಿನ ಎಡಗೈಯಲ್ಲಿ ನೋಟು ನೀಡಿದರೆ ಹೂವಿನಮ್ಮ ತಗೊಳ್ಳಲೇ ಇಲ್ಲ, ಬುಟ್ಟಿ ಕಡೆ ನೋಡುತ್ತಾ ಸುಮ್ಮನೆ ನಿಂತರು. ನಾನು ಹೇಳಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದಳು, ಅಲ್ಲಿ ಒಂದೇ ನಿಮಿಷಕ್ಕೆ ಕೈ ಬದಲಾಯಿತು. ಇನ್ನೊಂದು ದಿನ ಎರಡು ಮೊಳ ಮಲ್ಲಿಗೆ ತಗೊಂಡು ತನ್ನ ಮೊಳಕೈಗೆ ಹಿಡಿದು ಅಳೆದಳು. ಇವಳು ಐದಡಿ ಹತ್ತಂಗುಲ, ಹೂವಿನಮ್ಮ ನನ್ನ ಭುಜಕ್ಕೂ ಬರೋದಿಲ್ಲ. ಎರಡು ಮೊಳ ಇವಳ ಕೈಯಲ್ಲಿ ಒಂದೂವರೆಯಾಯಿತು. ‘ಕಡಿಮೆ ಇದೆ’ ಅಂದಳು. ‘ನಿನ್ ಕೈ ಅಳತೆಗೆ ಕೊಟ್ರೆ ನಾನು ಬುಟ್ಟಿ ಮಾರ್ಕೊಂಡು ಹೋಗ್ಬೇಕು ಕಣವ್ವ’ ಅಂತ ಹೂವಿನಮ್ಮ ಅವಳ ಕೈ ಹಿಡಿದು ತನ್ನ ಕೈಗೆ ಜೋಡಿಸಿ ತೋರಿಸಿದರು. ರಸ್ತೆಯಲ್ಲಿ ಇಬ್ಬರೂ ಮೊಳಕೈಗೆ ಮೊಳಕೈ ಇಟ್ಟುಕೊಂಡು ನಗುತ್ತಾ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರುದಿನದಿಂದ ಅವಳಿಗೆ ನಾಲ್ಕು ಬೆರಳು ಜಾಸ್ತಿ. ನನಗೆ ಹದಿನೈದು ವರ್ಷದಿಂದ ಅದೇ ಮೊಳ!

‘ಊಟ ಆಯ್ತಾ’ ವಿಷಯ ನಾನು ಮೊದಲೇ ಹೇಳಬೇಕಿತ್ತು, ಮರೆತೆ. ದಿನಕ್ಕೆ ನಾಲ್ಕು ಜನ ಕೇಳುತ್ತಾರೆ. ಊಟಕ್ಕೇ ಕರೆಯುತ್ತಿದ್ದಾರೆ ಅಂದುಕೊಂಡು ಇವಳು ಒಂದು ಮಧ್ಯಾಹ್ನ ಎರಡೂವರೆಗೆ ಎದುರು ಮನೆಯವರಿಗೆ ‘ಇಲ್ಲ, ಆಗಿಲ್ಲ’ ಅಂದು ಅವರ ಗೇಟಿನ ಹತ್ತಿರವೇ ನಿಂತಳು. ಪಾಪ, ಅವರು ಪಾತ್ರೆ ಎಲ್ಲ ತೊಳೆದು ಹಾಕಿದ್ದರು, ಅವಸರಕ್ಕೆ ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟರಂತೆ. ಥ್ಯಾಂಕ್ಸ್ ಕಾಟವೂ ಅಷ್ಟೇ. ನೀರು ಕೊಟ್ಟರೆ ಥ್ಯಾಂಕ್ಸ್, ದಾರಿ ಬಿಟ್ಟರೆ ಥ್ಯಾಂಕ್ಸ್. ದಿನಕ್ಕೆ ಒಂದೇ ಅಂತ ರೇಷನ್ ಇಟ್ಟೆ, ತಿಂಡಿ ಹೊತ್ತಿಗೇ ಖರ್ಚು ಮಾಡಿಕೊಳ್ಳುತ್ತಿದ್ದಳು.

ನಮಗೂ ಅವರಿಗೂ ತಂಟೆಯಿಲ್ಲದೆ ಹೊಂದಿದ್ದು ಒಂದೇ ಒಂದು, ಜ್ವರ. ಹೊರಗಿನ ಬಿಸಿಲಿಗೆ ನಮ್ಮದು ಸೆಲ್ಸಿಯಸ್ಸು, ಮೈ ಬಿಸಿಗೆ ಫ್ಯಾರನ್‌ಹೀಟು. ನೂರಾ ಒಂದು ಅಂದಾಗ ಅವಳ ಅಮ್ಮನಿಗೆ ಫೋನಿನಲ್ಲಿ ಬಿಡಿಸಿ ಹೇಳಬೇಕಾಗಲಿಲ್ಲ. ಆ ಅಮ್ಮನ ಫೋನಿನದೂ ಒಂದು ಕತೆ. ಅವರು ಅಲ್ಲಿ ರಾತ್ರಿ ಒಂಬತ್ತಕ್ಕೆ ಮಾಡುತ್ತಿದ್ದರು, ಇಲ್ಲಿ ಬೆಳಿಗ್ಗೆ ಏಳೂವರೆ, ಸರಿಯಾಗಿತ್ತು. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅಲ್ಲಿಂದ ಫೋನು ಎಂಟೂವರೆಗೆ, ಹಾಲಿನವನು ಲೆಕ್ಕಕ್ಕೆ ಬರುವ ಹೊತ್ತಿಗೆ. ‘ಅಮ್ಮ, ಎರಡು ನಿಮಿಷ, ಹಾಲಿನವರು ಬಂದಿದ್ದಾರೆ’ ಅಂತ ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಕೇಳಿ ನನಗೆ ಮನಸ್ಸು ತುಂಬಿತು.

ಅಡುಗೆಮನೆ ಪ್ರಯೋಗಗಳಲ್ಲಿ ಅರ್ಧ ಕೆಟ್ಟವು. ಖಾರವನ್ನು ಬ್ಯಾಡಗಿಯಿಂದ ಶುರು ಮಾಡಿ ವಾರಕ್ಕೆ ಅರ್ಧ ಗುಂಟೂರು ಮೆಣಸಿನಕಾಯಿ ಏರಿಸುತ್ತಾ ಹೋದೆ, ಒಂಬತ್ತನೇ ವಾರಕ್ಕೆ ನಮ್ಮ ಹುಳಿಯನ್ನೇ ತಿಂದಳು. ಮುದ್ದೆ ಮಾತ್ರ ಅಗಿದೇ ಅಗಿದಳು, ಹೇಳಿ ಸಾಕಾಯಿತು. ಪೀನಟ್ ಬಟರ್ ಡಬ್ಬಿ ನಾನೂರರ ಹತ್ತಿರ, ನಾನೇ ಮಾಡುತ್ತೇನೆ ಅಂತ ಹುರಿದ ಕಡಲೆಕಾಯಿ ಬೀಜ ಮಿಕ್ಸಿಗೆ ಹಾಕಿ ಮೋಟಾರು ಸುಟ್ಟೆ, ರಿಪೇರಿಗೆ ಏಳುನೂರು. ಎರಡನೇ ಸಲ ಬೀಜ ಬಿಸಿ ಇರುವಾಗಲೇ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದೆ, ಬಂತು. ನವೆಂಬರ್ ನಾಲ್ಕನೇ ಗುರುವಾರ ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಆ ವರ್ಷ 23ಕ್ಕೆ ಬಂದಿತ್ತು. ಟರ್ಕಿ ಕೋಳಿ ನಮ್ಮನೆಯಲ್ಲಿ ಆಗದ ಮಾತು. ಸಿಹಿಗುಂಬಳಕಾಯಿ ಪೈ ಮಾಡೋಣ ಅಂದಳು. ಮೊಟ್ಟೆ ಬೇಡ ಅಂತ ತೆಂಗಿನಹಾಲು, ಬೆಲ್ಲ ಹಾಕಿದೆವು, ಗಟ್ಟಿಯಾಗಲಿಲ್ಲ. ನಮ್ಮನೆಯವರು ಚಮಚದಲ್ಲಿ ತಿಂದು ‘ಹಲ್ವ ಚೆನ್ನಾಗಿದೆ’ ಅಂದರು, ಹುಡುಗಿ ಆಚೆ ತಿರುಗಿ ನಕ್ಕಳು.

ಆರನೇ ವಾರದ ಹೊತ್ತಿಗೆ ಎಲ್ಲ ಮಕ್ಕಳೂ ಒಂದು ಸಲ ರೂಮಿನ ಬಾಗಿಲು ಹಾಕಿಕೊಂಡು ಅಳುತ್ತಾರೆ, ಇದು ನಿಮಗೂ ಗೊತ್ತು. ಆವಾಗ ನಾನು ಮಾಡುವ ಒಂದು ಕೆಲಸ ಇದೆ. ಇಲ್ಲಿ ಬರೆಯೋದಿಲ್ಲ, ಬರೆದರೆ ಮುಂದಿನವರು ಓದಿಕೊಂಡೇ ಬರುತ್ತಾರೆ.

ದುಡ್ಡಿನ ಮಾತು. ಖರ್ಚೆಲ್ಲ ಕಳೆದು ತಿಂಗಳಿಗೆ ಎಂಟೊಂಬತ್ತು ಸಾವಿರ ಉಳಿಯಿತು. ಹತ್ತು ತಿಂಗಳಿಗೆ ಟೆಕ್ಸಸ್ ಹುಡುಗನ ಕಮೋಡಿನ ಸಾಲವೂ ತೀರಿ ಮೇಲೆ ಸ್ವಲ್ಪ ಕೈಗೆ ಬಂತು. ಪರ್ಸಿನ ಲೆಕ್ಕದಲ್ಲಿ ಇಡೀ ವರ್ಷ ಹೆಚ್ಚೆಂದರೆ ಮುನ್ನೂರು ರೂಪಾಯಿ ಹೊಂದಲಿಲ್ಲ, ನಾನು ನೋಡಿಕೊಳ್ಳುವಾಗ ತಿಂಗಳಿಗೇ ಅಷ್ಟು ಹೊಂದುತ್ತಿರಲಿಲ್ಲ. ಈಗ ಭಾವನವರು ತಮ್ಮ ಮಹಡಿ ರೂಮು ಖಾಲಿ ಇದೆ, ‘ಅಂಥದ್ದೇ ಒಂದು ಹುಡುಗಿ ಇದ್ರೆ ನೋಡಮ್ಮ’ ಅನ್ನುತ್ತಿದ್ದಾರೆ. ಮೊದಲು ಗೀಸರು ಹಾಕಿಸಿ ಅಂದಿದ್ದೇನೆ.

ಮೇ ತಿಂಗಳಲ್ಲಿ ಹೊರಟಳು. ಟ್ಯಾಕ್ಸಿ ಬಂದು ನಿಂತಿದೆ, ನಾನು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೇನೆ, ಇವಳು ಪರ್ಸು ತೆಗೆದು ನೋಟು ಎಣಿಸುತ್ತಿದ್ದಾಳೆ. ‘ಆಂಟಿ, ಮೊನ್ನೆ ಮಂಗಳವಾರ ಒಂದು ನೀಲಿ ಪ್ಯಾಕೆಟ್ಟು ಒಡೆದಿತ್ತು, ಇಪ್ಪತ್ತೆರಡು ರೂಪಾಯಿ, ಮರೀದೆ ಕಟ್ ಮಾಡಿಸಿ. ಹೂವಿನಮ್ಮಂಗೆ ನಾನೇ ಕೊಟ್ಟಿದ್ದೀನಿ. ಬರ್ತೀನಿ’ ಅಂದಳು.